ಅಳತೆಗೋಲು ಯಾರ ಕೈಯಲ್ಲಿ?

ಕಳೆದ ವರ್ಷ ನಮ್ಮ ಊರಿನ ಸಾರ್ವಜನಿಕ ಕಚೇರಿಯೊಂದರ ಮುಂದಿನ ಇಳಿಜಾರು ದಾರಿಯನ್ನು ಅಳೆಯಲು ನಾಲ್ವರು ವಿದ್ಯಾರ್ಥಿಗಳೊಡನೆ ಹೋಗಿದ್ದೆವು. ಅವರಲ್ಲೊಬ್ಬನು ಗಾಲಿಕುರ್ಚಿಯಲ್ಲಿ ಸಂಚರಿಸುವವನು. ಕಟ್ಟಡವನ್ನು ಮೊದಲೇ ಪರಿಶೀಲಿಸಿದ್ದವರ ನಮೂನೆಯಲ್ಲಿ ‘ಇಳಿಜಾರು ಇದೆಯೇ?’ ಎಂಬ ಪ್ರಶ್ನೆಯ ಮುಂದೆ ‘ಇದೆ’ ಎಂದು ಬರೆದಿತ್ತು. ಅದು ಸುಳ್ಳಲ್ಲ. ಜಗಲಿಯ ಎತ್ತರ ೪೫ ಸೆಂಟಿಮೀಟರು, ಇಳಿಜಾರಿನ ಉದ್ದ ೨೭೦. ಎಂದರೆ ಆರಕ್ಕೆ ಒಂದರ ಏರು. ನಮ್ಮ ದೇಶದ ಮಾರ್ಗಸೂಚಿಗಳಂತೆ ಏರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು.

ಇಳಿಜಾರು ಸಮತಲದ ನಿಯಮವನ್ನು ಬಲ್ಲ ವಾಚಕರು ಇದರ ಪರಿಣಾಮವನ್ನು ತಾವೇ ಗಣಿಸಬಹುದು. ಕುರ್ಚಿಯೂ ಅದರಲ್ಲಿ ಕುಳಿತವನೂ ಸೇರಿ ೮೦ ಕಿಲೋಗ್ರಾಂ ಎಂದುಕೊಳ್ಳೋಣ. ಹನ್ನೆರಡಕ್ಕೊಂದರ ಏರಿನಲ್ಲಿ ಅವನನ್ನು ಹಿಂದಕ್ಕೆ ಎಳೆಯುವ ಬಲ ೭ ಕಿಲೋಗ್ರಾಂ ತೂಕಕ್ಕಿಂತ ತುಸು ಕಡಿಮೆ. ಆರಕ್ಕೊಂದರಲ್ಲಿ ೧೩ಕ್ಕೂ ಮೇಲೆ. ಘರ್ಷಣೆಯ ಲೆಕ್ಕ ಬೇರೆ. ಇಷ್ಟನ್ನು ಕಂಡುಹಿಡಿದು ನಾವು ತೃಪ್ತರಾಗಿದ್ದೆವು. ಆದರೆ ಆ ವಿದ್ಯಾರ್ಥಿಯು ಬಾಗಿಲನ್ನು ತೋರಿಸಿದನು. ಇಳಿಜಾರು ನೇರವಾಗಿ ಬಾಗಿಲಿಗೇ ಹೋಗಿ ಮುಗಿಯುತ್ತಿತ್ತು. ಮೇಲೆ ನಿಲ್ಲಲು ಒಂದು ಗೇಣು ಸಮತಟ್ಟಾದ ಜಾಗವಿರಲಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂಥದು. ಹಿಡಿಯನ್ನು ಎಳೆಯಬೇಕಾದರೆ ಅವನು ಒಂದು ಕೈಯನ್ನು ಚಕ್ರದಿಂದ ತೆಗೆಯಬೇಕು. ತೆಗೆದರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಏರು ಹನ್ನೆರಡಕ್ಕೊಂದೇ ಇದ್ದಿದ್ದರೂ ಅವನು ಒಳಗೆ ಹೋಗುತ್ತಿರಲಿಲ್ಲ. ನಮ್ಮ ಅಳತೆಪಟ್ಟಿಗೆ ಕಾಣದಿದ್ದುದು ಅವನ ಕೈಗಳಿಗೆ ಗೊತ್ತಿತ್ತು.

ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜನ್ನು ಕೈಗೆ ಕೊಡುವಾಗ ಮೊದಲು ಶೂನ್ಯದೋಷವನ್ನು ನೋಡಿರೆಂದು ಹೇಳುತ್ತೇವೆ. ದೋಷ ಉಪಕರಣದಲ್ಲಿಯೇ ಇದ್ದರೆ ನೂರು ಸಲ ಅಳೆದು ಸರಾಸರಿ ತೆಗೆದರೂ ಅದು ತೊಲಗುವುದಿಲ್ಲ. ಪ್ರಶ್ನಾವಳಿಯೂ ಒಂದು ಉಪಕರಣವೇ. ಅಂಗವಿಕಲರಿಗೆ ಕಾನೂನು ಕೊಟ್ಟ ಹಕ್ಕುಗಳು ನಿಜವಾಗಿ ಕೈಗೆ ಸಿಕ್ಕಿವೆಯೇ ಎಂದು ಪರೀಕ್ಷಿಸುವ ಪ್ರಶ್ನಾವಳಿಗಳನ್ನು ಬಹುಕಾಲ ಇತರರೇ ರಚಿಸಿದರು, ಇತರರೇ ತುಂಬಿದರು.

ನಮ್ಮ ದೇಶದ ಜನಗಣತಿಯನ್ನೇ ನೋಡಬಹುದು. ೧೮೭೨ರಿಂದ ೧೯೩೧ರವರೆಗೆ ಅಂಗವೈಕಲ್ಯವನ್ನು ಕುರಿತು ವಿಚಾರಿಸುತ್ತಿದ್ದರು; ಆಮೇಲೆ ನಾಲ್ಕು ಗಣತಿಗಳಲ್ಲಿ ಆ ಮಾತೇ ಇಲ್ಲ. ೧೯೮೧ರಲ್ಲಿ ಪ್ರಶ್ನೆ ಮರಳಿತು. ಆದರೆ ಸಂಪೂರ್ಣ ಕುರುಡರು, ಸಂಪೂರ್ಣ ಮೂಕರು, ಸಂಪೂರ್ಣ ಹೆಳವರು ಇದ್ದಾರೆಯೇ ಎಂಬುದಷ್ಟೇ ಆಗಿನ ವಿಚಾರಣೆ. ಸಿಕ್ಕ ಸಂಖ್ಯೆ ಸುಮಾರು ೧೧ ಲಕ್ಷ. ೧೯೯೧ರಲ್ಲಿ ಮತ್ತೆ ಕೈಬಿಟ್ಟರು. ೨೦೦೧ರ ಗಣತಿಯಲ್ಲಿಯೂ ಅದು ಬರುವಂತಿರಲಿಲ್ಲ. ಗಾಲಿಕುರ್ಚಿಯನ್ನು ಬಳಸುತ್ತಿದ್ದ ಜಾವೇದ್ ಅಬಿದಿ ಮೊದಲಾದವರ ಮುಂದಾಳುತನದಲ್ಲಿ ಅಂಗವಿಕಲರೇ ಚಳವಳಿ ಹೂಡಿ ಪ್ರಶ್ನೆಯನ್ನು ಸೇರಿಸಿಸಿದರು. ಆಗ ಬಂದ ಸಂಖ್ಯೆ ೨.೧೯ ಕೋಟಿ. ಇಪ್ಪತ್ತು ವರ್ಷಗಳಲ್ಲಿ ಅಂಗವಿಕಲರು ಇಪ್ಪತ್ತು ಮಡಿಯಾದರೆಂದು ಯಾರೂ ಹೇಳಲಾರರು. ಉಪಕರಣ ಬದಲಾಗಿತ್ತು, ಅಷ್ಟೆ.

೨೦೧೧ರಲ್ಲಿ ಒಟ್ಟು ೨.೬೮ ಕೋಟಿಗೆ ಏರಿದರೂ, ದೃಷ್ಟಿದೋಷವುಳ್ಳವರು ೧.೦೬ ಕೋಟಿಯಿಂದ ಸುಮಾರು ೫೦ ಲಕ್ಷಕ್ಕೆ ಇಳಿದರು. ಹತ್ತು ವರ್ಷಗಳಲ್ಲಿ ಅರ್ಧದಷ್ಟು ಮಂದಿಗೆ ಕಣ್ಣು ಬಂದಿತೇ? ಇಲ್ಲ, ಒಂದೇ ಕಣ್ಣು ಸರಿಯಿದ್ದವರನ್ನು ಹಿಂದಿನ ಸಲ ಎಣಿಸಿದ್ದರು, ಈ ಸಲ ಎಣಿಸಲಿಲ್ಲ. ಇದು ಬರಿಯ ಅಂಕಿಗಳ ಚಮತ್ಕಾರವಲ್ಲ. ಶಾಲೆಗೆ ಬ್ರೈಲ್ ಪುಸ್ತಕಗಳೆಷ್ಟು, ಜಿಲ್ಲೆಗೆ ಪಿಂಚಣಿಯೆಷ್ಟು ಎಂಬುದೆಲ್ಲ ಇಂತಹ ಅಂಕಿಗಳನ್ನು ಆಧರಿಸಿ ನಿರ್ಧಾರವಾಗುತ್ತದೆ. ಎಣಿಕೆಗೆ ಸಿಗದವನಿಗೆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ಪ್ರಶ್ನೆಯನ್ನು ಯಾರು ರಚಿಸಬೇಕೆಂಬ ವಾದ ತೀಕ್ಷ್ಣವಾಗಿ ನಡೆದದ್ದು ಇಂಗ್ಲೆಂಡಿನಲ್ಲಿ. ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ಆಶ್ರಮದಲ್ಲಿದ್ದ ಅಂಗವಿಕಲರು, ಮಲಗುವ ಹೊತ್ತನ್ನು ಕೂಡ ತಾವು ನಿರ್ಧರಿಸಲಾಗದ ಬಾಳಿನಿಂದ ಬೇಸತ್ತು, ೧೯೬೦ರ ದಶಕದಲ್ಲಿ ತಜ್ಞರನ್ನು ತಾವೇ ಬರಮಾಡಿಕೊಂಡರು. ಮಿಲ್ಲರ್ ಮತ್ತು ಗ್ವಿನ್ ಎಂಬ ಇಬ್ಬರು ಸಂಶೋಧಕರು ಬಂದು ಅಧ್ಯಯನ ನಡೆಸಿ ೧೯೭೨ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಇಂತಹ ಮನೆಗಳಲ್ಲಿರುವವರು ಸಮಾಜದ ಪಾಲಿಗೆ ಆಗಲೇ ಸತ್ತವರು. ಆ ಸಾವಿಗೂ ದೇಹದ ಸಾವಿಗೂ ನಡುವಣ ಕಾಲವನ್ನು ಸಾಗಿಸುವುದೇ ಸಂಸ್ಥೆಯ ಕೆಲಸ ಎಂಬುದು ಅವರ ವಿಶ್ಲೇಷಣೆಯ ತಿರುಳು. ತಾವು ನಿಷ್ಪಕ್ಷಪಾತಿಗಳೆಂದೇ ಅವರು ನಂಬಿದ್ದರು. ಅಲ್ಲಿಯೇ ಬಾಳಿದ್ದ ಪಾಲ್ ಹಂಟ್ ಇದನ್ನು ಕ್ಷಮಿಸಲಿಲ್ಲ. ಅದೇ ವರ್ಷ ಅವನು ಪತ್ರಿಕೆಯೊಂದಕ್ಕೆ ಬರೆದ ಕಾಗದದಿಂದ ಅಂಗವಿಕಲರದೇ ಆದ ಒಕ್ಕೂಟವೊಂದು ಹುಟ್ಟಿತು.

ಆ ಪರಂಪರೆಗೆ ಸೇರಿದ ಮೈಕೇಲ್ ಆಲಿವರ್, ಈಜುಕೊಳದ ಅಪಘಾತದಲ್ಲಿ ಕತ್ತಿನ ಮೂಳೆ ಮುರಿದುಕೊಂಡು ಗಾಲಿಕುರ್ಚಿಯಲ್ಲಿದ್ದವನು. ಬ್ರಿಟಿಷ್ ಸರ್ಕಾರವು ೧೯೮೦ರ ದಶಕದಲ್ಲಿ ನಡೆಸಿದ ಸಮೀಕ್ಷೆಯ ಪ್ರಶ್ನೆಗಳನ್ನು ೧೯೯೦ರ ತನ್ನ ಗ್ರಂಥದಲ್ಲಿ ಅವನು ತಲೆಕೆಳಗು ಮಾಡಿ ಬರೆದನು. ವಸ್ತುಗಳನ್ನು ಹಿಡಿಯಲು, ತಿರುಗಿಸಲು ನಿಮಗೆ ಅಡ್ಡಿಯಾಗಿರುವ ಕಾಯಿಲೆ ಯಾವುದೆಂದು ಸರ್ಕಾರ ಕೇಳಿತ್ತು. ಶೀಶೆ, ಡಬ್ಬಿಗಳ ರಚನೆಯಲ್ಲಿರುವ ಯಾವ ದೋಷದಿಂದ ಅವನ್ನು ಹಿಡಿಯುವುದು ನಿಮಗೆ ಕಷ್ಟವಾಗುತ್ತದೆಂದು ಆಲಿವರ್ ಕೇಳಿದನು. ಕೈ ಅದೇ, ಡಬ್ಬಿಯೂ ಅದೇ. ಮೊದಲ ಪ್ರಶ್ನೆಯ ಉತ್ತರ ವೈದ್ಯನ ಬಳಿಗೆ ಹೋಗುತ್ತದೆ, ಎರಡನೆಯದರ ಉತ್ತರ ಡಬ್ಬಿಯನ್ನು ಮಾಡಿದವನ ಬಳಿಗೆ.

ಇಲ್ಲೊಂದು ಆಕ್ಷೇಪವುಂಟು, ವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಎತ್ತಲೇಬೇಕು. ಕಕ್ಷಿಗಾರನೇ ನ್ಯಾಯಾಧೀಶನಾದರೆ ಫಲಿತಾಂಶ ವಾಲುವುದಿಲ್ಲವೇ? ವಾಲಬಹುದು. ಗಾಲಿಕುರ್ಚಿಯವನಿಗೆ ಕಾಲುದಾರಿಯ ಅಂಚಿನ ಮೆಟ್ಟಿಲು ಶತ್ರು. ಕುರುಡನಿಗಾದರೋ, ಇಲ್ಲಿಂದ ಮುಂದೆ ವಾಹನಗಳ ರಸ್ತೆಯೆಂದು ಕೋಲಿಗೆ ತಿಳಿಸುವುದು ಅದೇ ಅಂಚು. ಒಬ್ಬನೇ ಪರೀಕ್ಷಕನಾದರೆ ಮತ್ತೊಬ್ಬನಿಗೆ ಅಪಾಯ. ಜಪಾನಿನಲ್ಲಿ ಸೈಇಚಿ ಮಿಯಾಕೆ ೧೯೬೫ರಲ್ಲಿ ರೂಪಿಸಿ, ೧೯೬೭ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಸಿದ ಉಬ್ಬುಚುಕ್ಕಿಗಳ ಹಾಸುಗಲ್ಲನ್ನು ಇಂದು ಅಂಚು ತಗ್ಗಿಸಿದೆಡೆಗಳಲ್ಲಿ ಇಡುವುದು ಈ ಕಾರಣದಿಂದ. ಆದುದರಿಂದ ಬಗೆಬಗೆಯ ಅನುಭವವುಳ್ಳವರು ಹಲವರು ಬೇಕು. ಅವರ ವಿಧಾನ ಯಾರು ಬೇಕಾದರೂ ಮತ್ತೆ ಅಳೆದು ನೋಡುವಂತೆ ತೆರೆದಿರಬೇಕು. ಇದೇ ನಿಯಮ ಸಶಕ್ತ ಸಂಶೋಧಕನಿಗೂ ಅನ್ವಯಿಸುತ್ತದೆ. ಅವನು ಎಲ್ಲೋ ಆಕಾಶದಲ್ಲಿ ನಿಂತು ನೋಡುತ್ತಿಲ್ಲ. ಮೆಟ್ಟಿಲು ಹತ್ತಬಲ್ಲವನ ಕಣ್ಣಿನಿಂದಲೇ ನೋಡುತ್ತಿದ್ದಾನೆ.

ವಿಶ್ವಸಂಸ್ಥೆಯು ೨೦೦೬ರ ಡಿಸೆಂಬರ್ ೧೩ರಂದು ಅಂಗೀಕರಿಸಿದ, ಭಾರತವು ೨೦೦೭ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಈ ತತ್ತ್ವಕ್ಕೆ ಕಾನೂನಿನ ರೂಪ ಕೊಟ್ಟಿತು. ಒಡಂಬಡಿಕೆ ಪಾಲನೆಯಾಗುತ್ತಿದೆಯೇ ಎಂದು ನೋಡಿಕೊಳ್ಳುವ ಕಾರ್ಯದಲ್ಲಿ ಅಂಗವಿಕಲರೂ ಅವರ ಸಂಘಟನೆಗಳೂ ಪೂರ್ಣವಾಗಿ ಭಾಗವಹಿಸಬೇಕೆಂದು ಅದರ ೩೩ನೆಯ ವಿಧಿ ಹೇಳುತ್ತದೆ. ಅದಕ್ಕೂ ಮೊದಲೇ, ಸ್ವೀಡನ್ನಿನ ಅಂಧ ರಾಜಕಾರಣಿ ಬೆಂಗ್ಟ್ ಲಿಂಡ್‌ಕ್ವಿಸ್ಟ್ ಮತ್ತು ಕೆನಡದ ಯಾರ್ಕ್ ವಿಶ್ವವಿದ್ಯಾಲಯದ ವಿದ್ವಾಂಸರು ಸೇರಿ ಒಂದು ಪದ್ಧತಿಯನ್ನು ರೂಪಿಸಿದ್ದರು: ಅಂಗವಿಕಲರಿಗೇ ಸಂದರ್ಶನದ ತರಬೇತಿ ಕೊಟ್ಟು, ಇತರ ಅಂಗವಿಕಲರ ಅನುಭವಗಳನ್ನು ಅವರಿಂದಲೇ ದಾಖಲಿಸುವುದು. ಕೀನ್ಯದಲ್ಲಿ, ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಅದು ನಡೆದಿದೆ. ತಾನು ಕಾದ ಕಿಟಕಿಯಲ್ಲೇ ಕಾದವನ ಮುಂದೆ ಮನುಷ್ಯನು ಬೇರೆಯ ಬಗೆಯಲ್ಲಿ ಮಾತನಾಡುತ್ತಾನೆ.

ಇಂತಹ ಸಾಕ್ಷ್ಯದ ಬಲವನ್ನು ೨೦೨೪ರ ನವೆಂಬರ್ ೮ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಕಾಣಬಹುದು. ದೃಷ್ಟಿಹೀನರಾದ ರಾಜೀವ್ ರತೂರಿ ೨೦೦೫ರಲ್ಲಿ ಹೂಡಿದ್ದ ದಾವೆ ಅದು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರವು ಅಂಗವಿಕಲರ ಅನುಭವಗಳನ್ನೇ ಆಧರಿಸಿ ವರದಿಯನ್ನು ಒಪ್ಪಿಸಿತು. ಸುಗಮ ಪ್ರವೇಶವನ್ನು ಬರಿಯ ಶಿಫಾರಸ್ಸಿನ ಮಟ್ಟಕ್ಕಿಳಿಸಿದ್ದ ೨೦೧೭ರ ನಿಯಮವೊಂದು ಮೂಲ ಕಾಯಿದೆಗೆ ವಿರುದ್ಧವೆಂದು ಸಾರಿದ ನ್ಯಾಯಾಲಯವು, ಕಡ್ಡಾಯ ನಿಯಮಗಳನ್ನು ರಚಿಸಲು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಹೆಸರಿನ ವಿಷಯವೂ ಹೀಗೆಯೇ. ನಮ್ಮ ರಾಜ್ಯದ ಸರ್ಕಾರಿ ಕಾಗದಗಳಲ್ಲಿ ‘ವಿಕಲಚೇತನ’ ಎಂಬ ಪದವಿದೆ. ವಿಕಲವಾದದ್ದು ಕಾಲು ತಾನೇ, ಚೇತನವೇಕೆ ಎಂದು ನಮ್ಮ ವಿದ್ಯಾರ್ಥಿ ಕೇಳಿದನು. ನಮಗೆ ಉತ್ತರ ಹೊಳೆಯಲಿಲ್ಲ.

೨೦೨೧ರಲ್ಲಿ ಆಗಬೇಕಾಗಿದ್ದ ಜನಗಣತಿಗೆ ೨೦೨೭ರ ಮಾರ್ಚ್ ೧ನ್ನು ಆಧಾರದಿನವೆಂದು ಸರ್ಕಾರ ಗೊತ್ತುಮಾಡಿದೆ. ೨೦೧೧ರ ನಮೂನೆಯಲ್ಲಿ ಅಂಗವೈಕಲ್ಯದ ಬಗೆಗಳು ಎಂಟಿದ್ದವು. ೨೦೧೬ರ ಕಾಯಿದೆ ಗುರುತಿಸುವುದು ಇಪ್ಪತ್ತೊಂದನ್ನು. ಇತ್ತ ನಮ್ಮ ವಿದ್ಯಾರ್ಥಿಯು ಆ ಕಚೇರಿಯ ಹಳೆಯ ನಮೂನೆಯ ಹಿಂಬದಿಯಲ್ಲಿ ಒಂಬತ್ತು ಹೊಸ ಪ್ರಶ್ನೆಗಳನ್ನು ಬರೆದಿದ್ದಾನೆ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದು ಮೊದಲನೆಯದು. ಹತ್ತನೆಯದಕ್ಕೆ ಅಂಕಿಯನ್ನು ಮಾತ್ರ ಹಾಕಿ ಜಾಗ ಬಿಟ್ಟಿದ್ದಾನೆ. ಅದನ್ನು ಬರೆಯಬೇಕಾದವಳು ಅವನ ಅಂಧ ಸಹಪಾಠಿಯಂತೆ.