ರಸೀದಿ ಪುಸ್ತಕ ಬಂತು!

ಬ್ರಹ್ಮಕಲಶ, ಬಯಲಾಟ, ಶಾಲಾ ವಾರ್ಷಿಕೋತ್ಸವ... ಕಾಪು, ಕಾರ್ಕಳದ ಮನೆಗಳಿಗೆ ರಸೀದಿ ಪುಸ್ತಕ ಹೊಸತಲ್ಲ. ಮೊದಲ ಸಲ ಮನಸಾರೆ ಕೊಟ್ಟವರೇ ಐದನೇ ಸಲ ‘ಯಜಮಾನರು ಮನೆಯಲ್ಲಿಲ್ಲ’ ಎಂದು ಬಾಗಿಲಲ್ಲೇ ಸಾಗಹಾಕುತ್ತಾರೆ. ಜಿಪುಣತನವೇ? ಇರಲಾರದು. ಪದೇ ಪದೇ ಕೇಳಿದರೆ ಕೊಡುವ ಖುಷಿ ಹೋಗಿ ಬರೀ ದಾಕ್ಷಿಣ್ಯ ಉಳಿಯುತ್ತದೆ.

ಆದರೆ ದಿನವೂ ಬರುವವರನ್ನು ಇದೇ ಊರು ಕರೆದು ಕೂರಿಸಿದ್ದೂ ಉಂಟು. ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು ಉಡುಪಿಯಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಮನೆಗೇ ಬಂದು ಒಯ್ಯುತ್ತಿದ್ದರು. ಅದು ದಾನವಲ್ಲ, ಉಳಿತಾಯ, ನಿಜ. ಆದರೂ ಮೊತ್ತ ಸಣ್ಣದು, ಲೆಕ್ಕ ಕಣ್ಣೆದುರು.

ಉಡುಪಿಯ ಯಕ್ಷಗಾನ ಕಲಾರಂಗ ದಾನಿಗಳ ನೆರವಿನಿಂದ ಬಡ ವಿದ್ಯಾರ್ಥಿಗಳಿಗೆ ಮನೆ ಕಟ್ಟಿಸಿಕೊಡುತ್ತದೆ. ಕೊಟ್ಟ ಹಣ ಏನಾಯಿತೆಂದು ಅಲ್ಲಿ ಕೇಳಬೇಕಾಗಿಲ್ಲ. ಗೋಡೆ, ಮಾಡು ಎದುರಿಗೇ ಇವೆ. ಮಕ್ಕಳ ಕೈಗೆ ರಸೀದಿ ಪುಸ್ತಕ ಕೊಡುವ ಶಾಲೆಗಳೂ ಹೋದ ವರ್ಷದ ಖರ್ಚಿನ ಪಟ್ಟಿಯನ್ನು ಜೊತೆಗಿಟ್ಟು ಕಳಿಸಬಾರದೇಕೆ?