ಬೆಂಗಳೂರಿಗೂ ಮಂಗಳೂರಿಗೂ ಎಷ್ಟು ದೂರ?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೇ ಘಂಟೆಯ ಪ್ರಯಾಣವೆಂದು ಅಧಿಕಾರಿಗಳೂ ವರ್ತಕರೂ ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಮಾತು ಸುಳ್ಳಲ್ಲ. ಆದರೆ ಈ ಒಂದು ಘಂಟೆಯು ಯಾವುದರ ಲೆಕ್ಕವೆಂಬುದನ್ನು ವಾಚಕರು ತುಸು ವಿಚಾರಿಸಿ ನೋಡಬೇಕೆಂದು ನಮ್ಮ ಬಿನ್ನಹ.

ಹಕ್ಕಿ ಹಾರುವ ನೇರದಲ್ಲಿ ಅಳೆದರೆ ಎರಡು ವಿಮಾನ ನಿಲ್ದಾಣಗಳ ನಡುವಣ ಅಂತರವು ಸುಮಾರು 305 ಕಿಲೋಮೀಟರು. ಹಿರಿಯರ ಲೆಕ್ಕದಲ್ಲಿ 190 ಮೈಲಿ. ಘಂಟೆಗೆ 800 ಕಿಲೋಮೀಟರು ಸಾಗಬಲ್ಲ ಜೆಟ್ ವಿಮಾನಕ್ಕೆ ಇದು ಅರ್ಧ ಘಂಟೆಯ ಹಾದಿಯೂ ಅಲ್ಲ. ಹಾಗಿದ್ದೂ ವೇಳಾಪಟ್ಟಿಯಲ್ಲಿ ಒಂದು ಘಂಟೆಯೆಂದು ಬರೆಯುವುದೇಕೆ? ವಿಮಾನವು ನಿಂತ ಎಡೆಯಿಂದ ಕದಲಿದ ಕ್ಷಣದಿಂದ, ಸೇರಿದೂರಿನಲ್ಲಿ ಮತ್ತೆ ನಿಶ್ಚಲವಾಗುವವರೆಗಿನ ಕಾಲವೆಲ್ಲವೂ ಅದರಲ್ಲಿ ಅಡಕವಾಗಿರುವುದು. ಓಡುದಾರಿಯಲ್ಲಿ ಸರದಿ ಕಾಯುವುದು, ಮೇಲೇರುವುದು, ವೇಗ ತಗ್ಗಿಸಿ ಇಳಿಯುವುದು, ಇವೆಲ್ಲವೂ ಹತ್ತಿರದೂರಿಗೂ ದೂರದೂರಿಗೂ ಬಹುಮಟ್ಟಿಗೆ ಒಂದೇ. ಮಂಗಳೂರಿನಷ್ಟು ಸಮೀಪದ ಸ್ಥಳಕ್ಕೆ ಹೊರಟ ವಿಮಾನವು ಏರಿ ಮುಗಿಯುವಷ್ಟರಲ್ಲಿಯೇ ಇಳಿಯುವ ಸಿದ್ಧತೆಗೆ ತೊಡಗಬೇಕಾಗುತ್ತದೆ. ಪೂರ್ಣ ವೇಗವನ್ನು ತೋರಲು ಅದಕ್ಕೆ ಎಡೆಯೇ ಇಲ್ಲ.

ಇನ್ನು ಪ್ರಯಾಣಿಕನ ಲೆಕ್ಕ. 2008ನೆಯ ಇಸವಿಯ ಮೇ ತಿಂಗಳಿನಲ್ಲಿ ಬೆಂಗಳೂರಿನ ವಿಮಾನ ಸಂಚಾರವು ನಗರದೊಳಗಿನ ಹಳೆಯ ನಿಲ್ದಾಣದಿಂದ ದೇವನಹಳ್ಳಿಯ ಕಡೆಗೆ ಹೋಯಿತು. ಅಂದಿನಿಂದ ಜಯನಗರದ ಗೃಹಸ್ಥನು ವಿಮಾನವನ್ನು ಮುಟ್ಟುವುದಕ್ಕೇ ನಗರವನ್ನು ಉದ್ದಕ್ಕೂ ದಾಟಬೇಕು. ಜನಸಂದಣಿಯ ವೇಳೆಯಲ್ಲಿ ಅದಕ್ಕೇ ಎರಡು ಘಂಟೆ. ತಪಾಸಣೆಗೆ ಮುಂಚಿತವಾಗಿ ಹಾಜರಿರಬೇಕು. ಅತ್ತ ಬಜ್ಪೆಯ ಗುಡ್ಡದಿಂದ ಇಳಿದು ಪೇಟೆ ಸೇರಬೇಕು. ಮನೆಯ ಹೊಸ್ತಿಲಿನಿಂದ ಎಣಿಸಿದರೆ ಒಂದು ಘಂಟೆಯು ಐದು ಘಂಟೆಯಾಗುವುದು ಅಪರೂಪವಲ್ಲ. ರಸ್ತೆಯಲ್ಲಿ ಸುಮಾರು 350 ಕಿಲೋಮೀಟರು ಸಾಗುವ ಬಸ್ಸು ಏಳೆಂಟು ಘಂಟೆ ತೆಗೆದುಕೊಳ್ಳುತ್ತದೆ. ಇಷ್ಟು ವೇಗದ ಯಂತ್ರವನ್ನೇರಿ ನಾವು ಉಳಿಸಿದ್ದು ಎರಡು ಮೂರು ಘಂಟೆ ಮಾತ್ರ!

ವಿಮಾನವು ಬೇಡವೆಂದು ನಾವು ಹೇಳುವವರಲ್ಲ. ರೋಗಿಗೂ, ಅವಸರದ ಕಾರ್ಯಾರ್ಥಿಗೂ, ಹೊರದೇಶಕ್ಕೆ ಹೋಗುವವನಿಗೂ ಅದು ಬೇಕು. ಆದರೆ ಕರಾವಳಿಯ ವಿದ್ಯಾರ್ಥಿ, ಸಣ್ಣ ವ್ಯಾಪಾರಿ, ಹಬ್ಬಕ್ಕೆ ಊರಿಗೆ ಹೊರಟ ಸಂಸಾರಿ, ಇವರೆಲ್ಲರ ದೂರವನ್ನು ನಿರ್ಣಯಿಸತಕ್ಕದ್ದು ಆಕಾಶವಲ್ಲ, ಪಶ್ಚಿಮಘಟ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರು ರೈಲುದಾರಿಯಲ್ಲಿ 57 ಸುರಂಗಗಳಿವೆ. 50 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಕಡಿದಾದ ಓಟ. ಇಷ್ಟೇ ಹಾದಿಗೆ ರೈಲು ಎರಡು ಘಂಟೆಗೂ ಮಿಕ್ಕಿ ತೆಗೆದುಕೊಳ್ಳುವುದು. ಅಷ್ಟರಲ್ಲಿ ವಿಮಾನವು ಮಂಗಳೂರಿಗೆ ಹೋಗಿ ಮರಳಿ ಬಂದೀತು. 1996ರಲ್ಲಿ ಹಳಿಗಳ ಅಗಲೀಕರಣಕ್ಕೆಂದು ಮುಚ್ಚಿದ ಈ ದಾರಿಯಲ್ಲಿ ಜನರು ಮತ್ತೆ ಪಯಣಿಸಿದ್ದು 2007ರ ಡಿಸೆಂಬರಿನಲ್ಲಿ! ಹನ್ನೊಂದು ವರ್ಷಗಳ ಕಾಲ ರೈಲಿನ ಮಟ್ಟಿಗೆ ಈ ಎರಡು ಊರುಗಳ ನಡುವಣ ನೇರ ಹಾದಿಯೇ ಇರಲಿಲ್ಲ. 2024ರ ಜುಲೈ ತಿಂಗಳಿನಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಮಣ್ಣು ಕುಸಿದು ರೈಲುಗಳು ಹಲವು ದಿನ ನಿಂತವು. ಅದೇ ಮಳೆಯಲ್ಲಿ ಶಿರಾಡಿಯ ಹೆದ್ದಾರಿಯೂ ಕುಸಿಯಿತು.

ನಿಲ್ದಾಣದ ಕಟ್ಟಡಗಳನ್ನು ಹಿಗ್ಗಿಸಲು ತೋರುವ ಉತ್ಸಾಹದಲ್ಲಿ ಒಂದಂಶವಾದರೂ ಈ ಘಟ್ಟದ ಕಡೆಗೆ ತಿರುಗಬೇಡವೇ? ಗುಡ್ಡ ಕಡಿದ ಬದಿಗಳಿಗೆ ಭದ್ರವಾದ ಆಸರೆಗೋಡೆ, ನೀರು ಹರಿಯಲು ತಕ್ಕ ಚರಂಡಿ, ಇವುಗಳ ಕೆಲಸವು ಮುಂದಿನ ಮಳೆಗಾಲಕ್ಕೆ ಮೊದಲು ಎಷ್ಟಾಗುವುದೆಂಬುದನ್ನು ರೈಲ್ವೆಯವರೂ ಹೆದ್ದಾರಿಯವರೂ ಜನರಿಗೆ ಈಗಲೇ ತಿಳಿಸಲಿ.