ಪಿಕಪ್ ಗಾಡಿಯ ಇಂಜನ್ನಿನಲ್ಲಿ ಪೆಟ್ರೋಲು ಹೆಚ್ಚಾಗಿ ಬೆರೆಯುವ ದೋಷ

ಬೆಳೆಯನ್ನು ಸಂತೆಗೆ ಸಾಗಿಸುವ ಪಿಕಪ್ ಗಾಡಿಯು ಮೊದಲಿಗಿಂತ ಹೆಚ್ಚು ಪೆಟ್ರೋಲು ಕುಡಿದು, ಮೊದಲಿಗಿಂತ ಕಡಮೆ ಭಾರ ಎಳೆಯತೊಡಗಿದರೆ, ಇಂಜನ್ನಿಗೆ ವಯಸ್ಸಾಯಿತೆಂದು ಸುಮ್ಮನಿರಕೂಡದು. ಅನೇಕ ವೇಳೆ ಗಾಳಿಯೊಡನೆ ಪೆಟ್ರೋಲು ಮಿತಿಮೀರಿ ಬೆರೆಯುವುದೇ ಇದಕ್ಕೆ ಕಾರಣ. ಕಾರ್ಬ್ಯುರೇಟರುಳ್ಳ ಹಳೆಯ ಗಾಡಿಗಳಲ್ಲಿ ಈ ದೋಷವನ್ನು ಮಾಲೀಕನೇ ಬಹುಮಟ್ಟಿಗೆ ಕಂಡುಹಿಡಿಯಬಹುದು.

ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿಯು ಸಾಲದಿದ್ದರೆ ಪೆಟ್ರೋಲು ಅರೆ ಉರಿದು ಮಸಿಯಾಗುತ್ತದೆ. ಉರಿಯದೆ ಉಳಿದುದು ಸಿಲಿಂಡರಿನ ಒಳಮೈಯ ಎಣ್ಣೆಯನ್ನು ತೊಳೆದು, ಕೆಳಗಿಳಿದು, ಇಂಜನ್ ಆಯಿಲನ್ನು ತೆಳುವಾಗಿಸುತ್ತದೆ. ಇದರಿಂದ ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ. ಆದುದರಿಂದ ನಷ್ಟವು ಪೆಟ್ರೋಲಿನ ಬೆಲೆಯಷ್ಟಕ್ಕೇ ನಿಲ್ಲುವುದಿಲ್ಲ.

ಲಕ್ಷಣಗಳು.— ಸೈಲೆನ್ಸರಿನಿಂದ ಕಪ್ಪು ಹೊಗೆ ಬರುವುದು. ನೀಲಿ ಹೊಗೆಯಾದರೋ ಆಯಿಲ್ ಉರಿಯುತ್ತಿರುವುದರ ಗುರುತು. ಎರಡನ್ನೂ ಒಂದೇ ಎಂದು ತಿಳಿಯಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡತಕ್ಕದ್ದು. ಸರಿಯಾಗಿ ಉರಿಯುವ ಪ್ಲಗ್ಗಿನ ತುದಿಯು ತಿಳಿಕಂದಾಗಿರುವುದು. ಎಲ್ಲ ಪ್ಲಗ್ಗುಗಳಲ್ಲಿಯೂ ಒಣ ಕಪ್ಪು ಮಸಿಯಿದ್ದರೆ ಮಿಶ್ರಣದ ದೋಷವೆಂದು ಊಹಿಸಬಹುದು. ಒಂದರಲ್ಲಿ ಮಾತ್ರ ಇದ್ದರೆ ಆ ಪ್ಲಗ್ಗನ್ನೂ ಅದರ ವಯರನ್ನೂ ಮೊದಲು ಪರೀಕ್ಷಿಸಬೇಕು.

ಪರೀಕ್ಷಿಸುವ ಕ್ರಮ.— (1) ಇಂಜನ್ನು ಕಾದ ಮೇಲೆ ಚೋಕಿನ ತಟ್ಟೆಯು ಪೂರ್ಣವಾಗಿ ತೆರೆದಿರತಕ್ಕದ್ದು. ಅದರ ತಂತಿಯು ಸಿಕ್ಕಿಕೊಂಡು ತಟ್ಟೆಯು ಅರೆ ಮುಚ್ಚಿರುವುದುಂಟು.

(2) ಗಾಳಿ ಸೋಸುವ ಫಿಲ್ಟರಿನಲ್ಲಿ ಕಣದ ಧೂಳೂ ಹೊಟ್ಟೂ ಕಟ್ಟಿಕೊಂಡಿದ್ದರೆ ಗಾಳಿಯ ದಾರಿ ಮುಚ್ಚುತ್ತದೆ. ಅದನ್ನು ಶುಚಿಮಾಡಬೇಕು, ಇಲ್ಲವೆ ಬದಲಾಯಿಸಬೇಕು. ಫಿಲ್ಟರಿಲ್ಲದೆ ಗಾಡಿಯನ್ನು ಎಂದಿಗೂ ಓಡಿಸಕೂಡದು.

(3) ಇವೆರಡೂ ಸರಿಯಿದ್ದರೆ, ಇಂಜನ್ನು ತಣ್ಣಗಾದ ಮೇಲೆ ಕಾರ್ಬ್ಯುರೇಟರಿನ ಫ್ಲೋಟನ್ನು ನೋಡಬೇಕು. ಸೂಜಿ ಕವಾಟದಲ್ಲಿ ಕಸ ಸಿಕ್ಕಿದ್ದರೂ, ಟೊಳ್ಳಾದ ಫ್ಲೋಟು ತೂತಾಗಿ ಮುಳುಗಿದ್ದರೂ ಪೆಟ್ರೋಲು ಉಕ್ಕುತ್ತದೆ. ತೂತಾದ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದರೆ ಒಳಗೆ ದ್ರವದ ಸದ್ದು ಕೇಳಿಸುವುದು.

ಅನೇಕರು ಇದಾವುದನ್ನೂ ನೋಡದೆ ಮೊದಲೇ ಮಿಶ್ರಣದ ಸ್ಕ್ರೂವನ್ನು ತಿರುಗಿಸುತ್ತಾರೆ. ಸಾಮಾನ್ಯವಾಗಿ ಆ ಸ್ಕ್ರೂ ನಿಧಾನಗತಿಯ ಓಟಕ್ಕೆ ಮಾತ್ರ ಸಂಬಂಧಿಸಿದುದು. ಭಾರ ಎಳೆಯುವಾಗಿನ ಹೊಗೆಯು ಅದರಿಂದ ಹೋಗದು. ಮೂಲದೋಷ ಉಳಿದು, ಸರಿಯಿದ್ದುದೂ ಕೆಡುವುದು.

ಕಾರ್ಬ್ಯುರೇಟರಿಲ್ಲದ ಹೊಸ ಗಾಡಿಗಳಲ್ಲಿ, ಇಂಜನ್ನಿನ ಶಾಖವನ್ನು ಅಳೆಯುವ ಸೆನ್ಸರು ಕೆಟ್ಟರೂ ಇದೇ ದೋಷ ಬರಬಹುದು. ಅದನ್ನು ತಿಳಿದ ಮೆಕ್ಯಾನಿಕ್ಕನಿಂದಲೇ ಪರೀಕ್ಷಿಸಿಸತಕ್ಕದ್ದು.

ಎಚ್ಚರಿಕೆ.— ಪೆಟ್ರೋಲಿನ ಕೆಲಸದ ಹತ್ತಿರ ಬೀಡಿ, ದೀಪ ಕೂಡದು. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜನ್ನನ್ನು ನಡೆಸಲೇಬಾರದು; ಈ ದೋಷವಿರುವಾಗ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡೆಂಬ ವಿಷಾನಿಲವು ಹೆಚ್ಚಾಗಿ ಹೊರಟು ಪ್ರಾಣಕ್ಕೆ ಅಪಾಯವಾಗುತ್ತದೆ. ದುರಸ್ತಿಯಾದ ಮೇಲೆ, ಆಯಿಲಿನಲ್ಲಿ ಪೆಟ್ರೋಲಿನ ವಾಸನೆಯಿದ್ದರೆ ಅದನ್ನು ಚೆಲ್ಲಿಸಿ ಹೊಸದನ್ನು ತುಂಬಿಸಿಯೇ ಗಾಡಿಯನ್ನು ಕೆಲಸಕ್ಕೆ ಹೂಡಬೇಕು.